ಮಾಜಿ ಸೈನಿಕರಿಗೆ ಊರುಗೋಲು: ಮರ ಕೊಳ್ಳುವ ಮುಂಚೆ ಅಳತೆ ತಗೊಳ್ಳಿ

ಸರ್, ನಿಮ್ಮ ಪ್ರಶ್ನೆ ಓದಿ ತುಂಬಾ ಖುಷಿಯಾಯಿತು. ಡಿಸೆಂಬರ್ 7ರ ಸಶಸ್ತ್ರ ಪಡೆಗಳ ಧ್ವಜ ದಿನಕ್ಕೆ ನಿಮ್ಮ ತಾಲ್ಲೂಕಿನ ಗಾಯಗೊಂಡ ಮಾಜಿ ಸೈನಿಕರಿಗೆ ಊರುಗೋಲು ಮಾಡಿಕೊಡಬೇಕು, ಅಮೆರಿಕದವರ ಹಾಗೆ ಹಿಡಿಕೆಗೆ ಹದ್ದಿನ ತಲೆ ಕೆತ್ತಬೇಕು, ಬೀಟೆ ತರಿಸಿ ಎಲ್ಲವನ್ನೂ 36 ಇಂಚಿಗೆ ಕತ್ತರಿಸಿ ಇಟ್ಟುಕೊಳ್ಳಲೇ ಅಂತ ಕೇಳಿದ್ದೀರಿ. ದಯವಿಟ್ಟು ಈಗಲೇ ಕತ್ತರಿಸಬೇಡಿ. ಮರ ಕೊಳ್ಳುವುದನ್ನೂ ಸ್ವಲ್ಪ ಮುಂದಕ್ಕೆ ಹಾಕಿ. ಮೊದಲು ಒಬ್ಬೊಬ್ಬರ ಮನೆಗೂ ಹೋಗಿ ಬನ್ನಿ.

ನೀವು ಹೇಳಿದ ಹದ್ದಿನ ತಲೆಯ ಕೋಲು ಶುರುವಾಗಿದ್ದು 2004ರಲ್ಲಿ, ಓಕ್ಲಹೋಮಾ ರಾಜ್ಯದ ಕೆತ್ತನೆಗಾರ ಜ್ಯಾಕ್ ನಿಟ್ಜ್ ಅವರಿಂದ. 2001ರ ಸೆಪ್ಟೆಂಬರ್ 11ರ ನಂತರದ ಯುದ್ಧಗಳಲ್ಲಿ ಕಾಲಿಗೆ ಪೆಟ್ಟಾದ ಸೈನಿಕರಿಗೆ ಕೊಡಲೆಂದು ಮಾಡಿದ್ದು. ಆಮೇಲೆ ಬೇರೆ ರಾಜ್ಯಗಳ ಕೆತ್ತನೆ ಗುಂಪುಗಳೂ ಕೈ ಹಾಕಿದವು. ಹದ್ದು ಅವರ ದೇಶದ ಗುರುತು, ಅದಕ್ಕೇ ಅದು ಅಲ್ಲಿ ಬಂತು. ಆದರೆ ಅವರಿಂದ ನಾವು ಕಲಿಯಬೇಕಾದ್ದು ಬೇರೆ. ಒಂದೊಂದು ಕೋಲೂ ಒಬ್ಬೊಬ್ಬರಿಗಾಗಿಯೇ ಮಾಡಿದ್ದು, ಅವರ ಹೆಸರು, ಅವರ ಸೇವೆಯ ವಿವರ ಅದರ ಮೇಲೆ ಇರುತ್ತದೆ.

ಮನೆಗೆ ಹೋದಾಗ ಕೋಲಿನ ಮಾತು ತಕ್ಷಣ ಎತ್ತಬೇಡಿ. ಅವರು ಹೇಗೆ ನಡೆಯುತ್ತಾರೆ, ಯಾವ ಕೈ ಊರುತ್ತಾರೆ, ಮೆಟ್ಟಿಲು ಎಷ್ಟಿದೆ, ಅಂಗಳ ಮಣ್ಣೋ ಸಿಮೆಂಟೋ ನೋಡಿ. ಎಲ್ಲರಿಗೂ ಊರುಗೋಲೇ ಬೇಕು ಅಂತಿಲ್ಲ. ಬೆನ್ನುಹುರಿಗೆ ಪೆಟ್ಟಾಗಿ ಗಾಲಿಕುರ್ಚಿಯಲ್ಲಿ ಇರುವವರಿಗೆ ಎಷ್ಟೇ ಚೆಂದದ ಕೋಲು ಕೊಟ್ಟರೂ ಅದು ಮೂಲೆಗೆ ಹೋಗುತ್ತದೆ. ನೋಡಿದವರ ಮನಸ್ಸಿಗೂ ಕಷ್ಟ.

ಕೋಲು ಬೇಕಾದವರ ಅಳತೆ ಹೀಗೆ. ದಿನಾ ಹಾಕುವ ಚಪ್ಪಲಿ ಅಥವಾ ಶೂ ಹಾಕಿಸಿ ನೇರ ನಿಲ್ಲಿಸಿ, ಕೈ ಸುಮ್ನೆ ಇಳಿಬಿಡಲಿ. ಮಣಿಕಟ್ಟಿನ ಗೆರೆಯಿಂದ ನೆಲಕ್ಕೆ ಎಷ್ಟು ಇಂಚೋ ಅಷ್ಟೇ ಕೋಲಿನ ಎತ್ತರ, ಕೆಳಗಿನ ರಬ್ಬರ್ ಬುಷ್ ಸೇರಿ. ಹಿಡಿದು ನಿಂತಾಗ ಮೊಣಕೈ ಸ್ವಲ್ಪ, 15ರಿಂದ 20 ಡಿಗ್ರಿಯಷ್ಟು, ಬಾಗಿರಬೇಕು. ಕೋಲು ಉದ್ದವಾದರೆ ಭುಜ ಮೇಲಕ್ಕೆ ಎತ್ತುತ್ತದೆ, ಗಿಡ್ಡವಾದರೆ ಬೆನ್ನು ಬಗ್ಗುತ್ತದೆ. ಕೃತಕ ಕಾಲು ಹಾಕುವವರಾದರೆ ಅದನ್ನು ಹಾಕಿಕೊಂಡೇ ಅಳೆಯಬೇಕು. ಸಾಮಾನ್ಯವಾಗಿ ಪೆಟ್ಟಾದ ಕಾಲಿನ ಎದುರು ಕೈಯಲ್ಲಿ ಕೋಲು ಹಿಡಿಯುತ್ತಾರೆ. ಎಡಗೈಯೋ ಬಲಗೈಯೋ ಅಂತ ಬರೆದುಕೊಳ್ಳಿ, ಅಂಗೈ ಆಕಾರಕ್ಕೆ ಹಿಡಿಕೆ ಕೆತ್ತುವುದಾದರೆ ಇದು ಬೇಕೇ ಬೇಕು. ಮಾಡುವಾಗ ಒಂದಿಂಚು ಜಾಸ್ತಿ ಬಿಡಿ. ಕೊಡುವ ದಿನ ಕೈಗರಗಸ ಜೊತೆಗೆ ತಗೊಂಡು ಹೋಗಿ, ಅವರನ್ನು ನಿಲ್ಲಿಸಿ ನೋಡಿ ಕೆಳಗಡೆಯಿಂದ ಕತ್ತರಿಸಿ.

ಮರದ ವಿಷಯಕ್ಕೆ ಬರೋಣ. ಬೀಟೆ ನೋಡಲು ಚೆಂದ, ಆದರೆ ತೂಕ ಜಾಸ್ತಿ, ಬಿಲ್ಲು ಮತ್ತು ಅರಣ್ಯ ಇಲಾಖೆಯ ಪರವಾನಗಿಯ ಗೋಜು ಬೇರೆ. ದಿನಾ ಎತ್ತಿ ಊರುವ ಕೋಲು ಅರ್ಧ ಕೆಜಿ ದಾಟಬಾರದು. ನನ್ನ ಆಯ್ಕೆ ತಡಸಲು. ಹಳ್ಳಿಯಲ್ಲಿ ಹಿಂದಿನಿಂದಲೂ ಹಾರೆ, ಕೊಡಲಿ ಕಾವಿಗೆ ಬಳಸುವ ಮರ ಅದು. ಬಗ್ಗುತ್ತದೆ, ಸುಲಭಕ್ಕೆ ಮುರಿಯಲ್ಲ. ಸಿಗದಿದ್ದರೆ ಎಳೆ, ಅಂದರೆ ಮರದ ನಾರಿನ ಗೆರೆ, ನೇರ ಇರುವ ತೇಗ ಸಾಕು, ಹಗುರವೂ ಹೌದು. ಬೀಟೆ ಆಸೆ ಇದ್ದರೆ ಹಿಡಿಕೆಗೆ ಒಂದು ಸಣ್ಣ ತುಂಡು ಹಾಕಿ, ಅದರ ಧೂಳಿಗೆ ಕೆಲವರ ಚರ್ಮ ಕೆರೆಯುತ್ತದೆ, ಮಾಸ್ಕ್ ಇರಲಿ. ಯಾವ ಮರವಾದರೂ ಗಂಟು ಇರಬಾರದು, ಎಳೆ ತುದಿಯಿಂದ ಬುಡದ ತನಕ ಓರೆಯಾಗದೆ ಹರಿದಿರಬೇಕು. ಸಾಮಿಲ್‌ನಲ್ಲಿ ಪಟ್ಟಿ ಆರಿಸುವಾಗ ಎರಡು ಪಕ್ಕವನ್ನೂ ತಿರುಗಿಸಿ ನೋಡಿ. ಒಂದು ಪಕ್ಕದಲ್ಲಿ ನೇರ, ಇನ್ನೊಂದು ಪಕ್ಕದಲ್ಲಿ ಓರೆ ಇದ್ದರೆ ಬಿಟ್ಟುಬಿಡಿ. ಕೋಲಿನ ದಪ್ಪ 22ರಿಂದ 25 ಮಿ.ಮೀ.

ಊರುಗೋಲು ಮುರಿಯುವುದು ಹೆಚ್ಚಾಗಿ ಹಿಡಿಕೆ ಕೂಡುವ ಜಾಗದಲ್ಲಿ. ನಮ್ಮ ಈ ಮರಗೆಲಸದ ಗುಂಪಿನಲ್ಲಿ ಹಾಕುವ ಫೋಟೋಗಳಲ್ಲಿ ಕೆತ್ತನೆ ಕಾಣುತ್ತದೆ, ಈ ಜಾಗ ಕಾಣುವುದೇ ಇಲ್ಲ. ಕಾಲಿಗೆ ಬಲವಿಲ್ಲದ ಮನುಷ್ಯ ತನ್ನ ಭಾರವನ್ನು ಇದರ ಮೇಲೆ ನಂಬಿ ಬಿಡುತ್ತಾನೆ, ಸರ್. ಬರೀ ಫೆವಿಕಾಲ್, ಒಂದು ಮೊಳೆ ಸಾಲದು. 8 ಮಿ.ಮೀ. ಥ್ರೆಡ್ ರಾಡ್, ಅಂದರೆ ಉದ್ದಕ್ಕೂ ಸ್ಕ್ರೂ ಗೆರೆ ಇರುವ ಸರಳು, ತಗೊಳ್ಳಿ. ಹಿಡಿಕೆಯೊಳಗೆ ಒಂದೂಕಾಲು ಇಂಚು, ಕೋಲಿನೊಳಗೆ ಮೂರು ಇಂಚು ಹೋಗಬೇಕು. ಹಾಗಾಗಿ ಆ ಜಾಗದಲ್ಲಿ ಹಿಡಿಕೆ ಎರಡು ಇಂಚಾದರೂ ಎತ್ತರ ಇರಲಿ. ಮರ ಇನ್ನೂ ಚೌಕ ಇರುವಾಗಲೇ ತೂತು ಕೊರೆಯಿರಿ, ಉರುಟು ಮಾಡಿದ ಮೇಲೆ ನೇರ ಕೊರೆಯುವುದು ಬಹಳ ಕಷ್ಟ. ತೂತು ರಾಡಿಗಿಂತ ಅರ್ಧ ಮಿ.ಮೀ. ದೊಡ್ಡದಿರಲಿ. ಎಪಾಕ್ಸಿ (ಎರಡು ಭಾಗ ಬೆರೆಸುವ ಗಟ್ಟಿ ಅಂಟು) ತುಂಬಿ ರಾಡ್ ತಿರುಗಿಸುತ್ತಾ ಕೂರಿಸಿ, ಒಳಗಿನ ಗಾಳಿ ಹೊರಗೆ ಬರುತ್ತದೆ. ಒಂದು ದಿನ ಮುಟ್ಟಬೇಡಿ. ಕೋಲಿನ ತಲೆಗೆ ಹಿತ್ತಾಳೆ ಬಳೆ ಹಾಕಿದರೆ ಸೀಳು ಬಿಡಲ್ಲ.

ಹಿಡಿಕೆಯ ಎಳೆ ಅಡ್ಡಕ್ಕೆ, ಅಂದರೆ ಹಿಡಿಕೆಯ ಉದ್ದಕ್ಕೆ ಹರಿಯಬೇಕು. ಕೋಲಿನ ಹಾಗೆ ಮೇಲೆ ಕೆಳಗೆ ಹರಿದರೆ ಹದ್ದಿನ ಕೊಕ್ಕು ಒಂದು ಸಲ ನೆಲಕ್ಕೆ ಬಿದ್ದರೂ ಕಿತ್ತು ಬರುತ್ತದೆ. ಹಿಡಿಕೆ ಐದು ಇಂಚು ಉದ್ದ, ಹಿಡಿಯುವ ಕಡೆ ಒಂದೂಕಾಲು ಇಂಚು ದಪ್ಪ ಸಾಕು. ತೋರುಬೆರಳು ಕೋಲಿನ ಮುಂದೆ, ಉಳಿದ ಬೆರಳು ಹಿಂದೆ ಬರುವಂತೆ ಕೂರಿಸಿದರೆ ಭಾರ ಕೋಲಿನ ಮೇಲೆ ನೇರ ಬೀಳುತ್ತದೆ. ಕೆತ್ತನೆ ಏನೇ ಇರಲಿ, ಅಂಗೈ ಕೂರುವ ಭಾಗ ನುಣುಪಾಗಿ ಖಾಲಿ ಬಿಡಿ. ಗರಿಗಳ ಅಂಚು ಒಂದು ಫರ್ಲಾಂಗ್ ನಡೆಯುವಷ್ಟರಲ್ಲಿ ಚರ್ಮ ಕೆಂಪು ಮಾಡುತ್ತದೆ. ಕೊನೆಗೆ ನೀವೇ ಎರಡೂ ಕೈ ಊರಿ ಪೂರ್ತಿ ಭಾರ ಬಿಟ್ಟು, ಸ್ವಲ್ಪ ಓರೆ ಮಾಡಿಯೂ ನೋಡಿ. ಒಂದು ಸಣ್ಣ ಚಟ್ ಸದ್ದು ಬಂದರೂ ಅದನ್ನು ಕೊಡಬೇಡಿ.

ಪಾಲಿಶ್‌ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. 220 ನಂಬರ್ ಸ್ಯಾಂಡ್ ಪೇಪರ್ ತನಕ ತಿಕ್ಕಿ ಲಿನ್ಸೀಡ್ ಎಣ್ಣೆ ಎರಡು ಮೂರು ಸಲ ಹಚ್ಚಿ. ಹೊಳೆಯುವ ವಾರ್ನಿಷ್ ಬೆವರಿದ ಕೈಗೆ ಜಾರುತ್ತದೆ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಎಸೆಯಬೇಡಿ, ತಾನಾಗಿಯೇ ಬಿಸಿಯಾಗಿ ಹೊತ್ತಿಕೊಳ್ಳಬಹುದು. ಬಿಡಿಸಿ ಹೊರಗೆ ಒಣಗಿಸಿ. ರಬ್ಬರ್ ಬುಷ್ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ಅದರ ಅಳತೆಗೆ ಕೋಲಿನ ತುದಿ ಹೊಂದಿಸಿ, ಎರಡು ಬುಷ್ ಹೆಚ್ಚುವರಿಯಾಗಿ ಕೊಡಿ. ಅಡಿಯ ಗೆರೆ ಸವೆದರೆ ಬದಲಿಸಬೇಕು ಅಂತ ಮನೆಯವರಿಗೂ ಹೇಳಿ. ನಮ್ಮೂರಿನ ಒಬ್ಬ ನಿವೃತ್ತ ಹವಾಲ್ದಾರ್ ಕೇಳಿದ್ದು ಒಂದೇ, ಹಿಡಿಕೆಯ ಕೆಳಗೆ ಮಣಿಕಟ್ಟಿಗೆ ಹಾಕುವ ಚರ್ಮದ ಪಟ್ಟಿ. ಅಂಗಡಿಯಲ್ಲಿ ದುಡ್ಡು ಎಣಿಸುವಾಗ ಕೋಲು ಬಿದ್ದರೆ ಬಗ್ಗಿ ಎತ್ತುವುದು ಅವರಿಗೆ ಆಗಲ್ಲ.

ಹದ್ದಿನ ಬದಲು ಏನು ಕೆತ್ತಬೇಕು ಅಂದರೆ, ಅವರನ್ನೇ ಕೇಳಿ. ಬೆಳಗಾವಿಯ ಮರಾಠಾ ಲಘು ಪದಾತಿ ದಳದವರು, ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್ ಎಂಬ ಸೇನೆಯ ಎಂಜಿನಿಯರ್ ಪಡೆಯವರು ತಮ್ಮ ಪಡೆಯ ಬಗ್ಗೆ ತುಂಬಾ ಅಭಿಮಾನ ಇಟ್ಟುಕೊಂಡವರು. ಪಡೆಯ ಬ್ಯಾಡ್ಜ್ ಕೆತ್ತುವ ಆಸೆ ಇದ್ದರೂ ಹಲವು ಬ್ಯಾಡ್ಜ್‌ಗಳಲ್ಲಿ ಅಶೋಕ ಸಿಂಹ ಇರುತ್ತದೆ. ರಾಷ್ಟ್ರ ಲಾಂಛನದ ದುರ್ಬಳಕೆ ತಡೆಯಲು 2005ರ ಕಾಯ್ದೆಯೇ ಇದೆ, ಅದನ್ನು ಕೆತ್ತಬೇಡಿ. ಹೆಸರು, ಪಡೆ, ಸೇವೆ ಮಾಡಿದ ವರ್ಷ ಕನ್ನಡದಲ್ಲಿ ಸುಟ್ಟು ಬರೆದರೆ ಬಹಳ ಚೆಂದ ಕಾಣುತ್ತದೆ. ಸೈನ್ಯದ ನಂಬರ್ ಬೇಡ. ಚನ್ನಪಟ್ಟಣದ ಅರಗಿನ ಬಣ್ಣದ ಪಟ್ಟಿಗಳನ್ನು ಪಡೆಯ ಬಣ್ಣದಲ್ಲಿ ಹಿಡಿಕೆಯ ಕೆಳಗೆ ಹಾಕಿಸಬಹುದು. ಅಲ್ಲಿನವರು ತಿರುಗುವ ಮರಕ್ಕೆ ಅರಗು ಒತ್ತಿ, ಆ ಉಜ್ಜುವಿಕೆಯ ಬಿಸಿಗೇ ಕರಗಿಸಿ ಬಣ್ಣ ಹಿಡಿಸುತ್ತಾರೆ. ಹಿಡಿಯುವ ಜಾಗಕ್ಕೆ ಮಾತ್ರ ಬೇಡ.

ಗಾಲಿಕುರ್ಚಿಯವರಿಗೆ ತೊಡೆಯ ಮೇಲಿಡುವ ಮಣೆ ಮಾಡಿ. ಸುತ್ತ ಅರ್ಧ ಇಂಚಿನ ಕಟ್ಟೆ, ಲೋಟ ಜಾರದಂತೆ ಒಂದು ಗುಂಡಿ, ಅಡಿಗೆ ದಪ್ಪ ಸ್ಪಂಜು. ಇಲ್ಲಿ ಎಚ್ಚರ ಬೇಕು. ಬೆನ್ನುಹುರಿಗೆ ಪೆಟ್ಟಾದವರಿಗೆ ಕಾಲಲ್ಲಿ ಸ್ಪರ್ಶವೇ ಗೊತ್ತಾಗದೇ ಇರಬಹುದು. ಮರದ ಚೂಪು ಅಂಚು ಒತ್ತಿ ಹುಣ್ಣಾದರೂ, ಬಿಸಿ ಕಾಫಿ ಚೆಲ್ಲಿದರೂ ತಿಳಿಯುವುದಿಲ್ಲ. ಪ್ರತಿ ಮೂಲೆಯೂ ಉರುಟಾಗಿರಲಿ. ಒಂದು ಕೈ ಕಳೆದುಕೊಂಡವರಿಗೆ ತರಕಾರಿ ಹೆಚ್ಚುವ ಹಲಗೆ ಮಾಡಿ. ಎರಡು ಸ್ಟೀಲ್ ಮೊಳೆ ಮೇಲಕ್ಕೆ ನಿಂತಿರಲಿ, ಆಲೂಗಡ್ಡೆ ಚುಚ್ಚಿ ನಿಲ್ಲಿಸಬಹುದು. ಅಡಿಗೆ ರಬ್ಬರ್ ಕಾಲು ಇರಲಿ.

ಪುಣೆಯ ಖಡ್ಕಿಯಲ್ಲಿ ಬೆನ್ನುಹುರಿಗೆ ಪೆಟ್ಟಾದ ಸೈನಿಕರ ಪುನರ್ವಸತಿ ಕೇಂದ್ರ ಇದೆ. 1917ರಲ್ಲಿ ಶುರುವಾದ, ಗಾಯಗೊಂಡ ಸೈನಿಕರಿಗೆ ಕಸುಬು ಕಲಿಸುವ ಕ್ವೀನ್ ಮೇರಿ ತಾಂತ್ರಿಕ ಸಂಸ್ಥೆಯೂ ಅಲ್ಲೇ ಇದೆ. 1965ರ ಯುದ್ಧದಲ್ಲಿ ಗುಂಡೇಟು ತಿಂದ ಮುರಳೀಕಾಂತ್ ಪೇಟ್ಕರ್ 1972ರಲ್ಲಿ ಹೈಡೆಲ್‌ಬರ್ಗ್‌ನ ಪ್ಯಾರಾಲಿಂಪಿಕ್ಸ್‌ನಲ್ಲಿ ಈಜಿ ಚಿನ್ನ ಗೆದ್ದರು. ಇದನ್ನು ಯಾಕೆ ಹೇಳಿದೆ ಅಂದರೆ, ನಿಮ್ಮ ಪಟ್ಟಿಯಲ್ಲಿರುವ ಯಾರಿಗಾದರೂ ಉಡುಗೊರೆಗಿಂತ ನಿಮ್ಮ ಜೊತೆ ಕೂತು ಮರಗೆಲಸ ಕಲಿಯುವ ಆಸೆ ಇರಬಹುದು. ಅದನ್ನೂ ಕೇಳಿ. ವೇದಿಕೆ, ಹಾರ, ಫೋಟೋ ಬೇಕೋ ಬೇಡವೋ ಅನ್ನುವುದನ್ನೂ ಅವರೇ ಹೇಳಲಿ.

ಹೆಸರುಗಳು ಇನ್ನೂ ಬೇಕಿದ್ದರೆ ಜಿಲ್ಲಾ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಕಚೇರಿಗೆ ಹೋಗಿ ಮಾತಾಡಿ, ಅವರ ಮೂಲಕ ಒಪ್ಪಿಗೆ ಪಡೆದೇ ಮನೆಗಳಿಗೆ ಹೋಗಿ. ಎತ್ತರ, ಯಾವ ಕೈ, ನೆಲ ಹೇಗಿದೆ, ಇಷ್ಟು ಬರೆದ ಪಟ್ಟಿ ಸಿದ್ಧವಾದ ಮೇಲೆ ಹೆಸರು ತೆಗೆದು ಇಲ್ಲಿ ಹಾಕಿ. ನನ್ನ ಹತ್ತಿರ ಚೆನ್ನಾಗಿ ಒಣಗಿದ ತಡಸಲು ಪಟ್ಟಿಗಳಿವೆ. ಎಷ್ಟು ಬೇಕು ಹೇಳಿದರೆ ಉರುಟು ಮಾಡದೆ, ಚೌಕವಾಗಿಯೇ ಸೀಳಿ ಕಳಿಸುತ್ತೇನೆ.