ಜೈಸಲ್ಮೇರ್‌ಗೆ ಬಾಡಿಗೆ ಕಾರಲ್ಲಿ ಹೋಗಲು ಫೋರ್-ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಸಿಗುವ ಗಾಡಿ) ಬೇಕಾ?

ಬೇಡ. ಜೋಧಪುರದಿಂದ ಪೋಖ್ರಣ್ ಮೇಲೆ ಜೈಸಲ್ಮೇರ್‌ಗೆ ಸುಮಾರು 280 ಕಿ.ಮೀ., ಅಲ್ಲಿಂದ ಸಮ್ ಮರಳು ದಿಬ್ಬಗಳಿಗೆ ಇನ್ನೊಂದು 40. ಎಲ್ಲಾ ಟಾರು ರಸ್ತೆ. ಮಾಮೂಲಿ ಕಾರೇ ಸಾಕು, ಸುಮ್ನೆ ಜಾಸ್ತಿ ಬಾಡಿಗೆ ಕೊಡಬೇಡಿ.

ಫೋರ್-ವೀಲ್ ಡ್ರೈವ್ ಇದ್ದರೆ ಮರಳಲ್ಲೂ ಹೋಗಬಹುದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ, ಆದರೆ ಮರಳಲ್ಲಿ ಮುಖ್ಯವಾಗೋದು ಟೈರಿನ ಗಾಳಿ. ಗಟ್ಟಿಯಾಗಿ ಗಾಳಿ ತುಂಬಿದ ಟೈರು ನೆಲಕ್ಕೆ ತಾಗುವ ಜಾಗ ಚಿಕ್ಕದು, ಕಾರಿನ ಭಾರವೆಲ್ಲ ಅಷ್ಟರ ಮೇಲೇ ಬೀಳುತ್ತದೆ, ಸಡಿಲ ಮರಳು ಅದನ್ನು ತಡೆಯಲ್ಲ. ಆಮೇಲೆ ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ಗುಂಡಿ ತೋಡುತ್ತಾ ಕೆಳಗೆ ಇಳಿಯುತ್ತದೆ. ಅದಕ್ಕೇ ಮರಳಲ್ಲಿ ಓಡಿಸುವವರು ಗಾಳಿ ಇಳಿಸುತ್ತಾರೆ, ಟೈರು ಚಪ್ಪಟೆಯಾಗಿ ಹೆಚ್ಚು ಜಾಗ ಹಿಡಿಯುತ್ತದೆ. ಮತ್ತೆ ಟಾರು ರಸ್ತೆಗೆ ಬಂದ ಕೂಡಲೇ ಗಾಳಿ ತುಂಬಬೇಕು, ಪಂಪ್ ಇಲ್ಲದಿದ್ದರೆ ಕಷ್ಟ ಅಲ್ವಾ? ದಿಬ್ಬ ಹತ್ತುವ ಆಸೆಯಿದ್ದರೆ ಸಮ್‌ನಲ್ಲೇ ಚಾಲಕನ ಸಮೇತ ಜೀಪ್ ಸಿಗುತ್ತದೆ, ಅದನ್ನೇ ಹಿಡಿಯಿರಿ.

ಬಾಡಿಗೆ ಕಾರು ತಗೊಳ್ಳುವಾಗ ಎ.ಸಿ. ಚಾಲೂ ಮಾಡಿ ನೋಡಿ. ಸ್ಟೆಪ್ನಿಯಲ್ಲಿ ಗಾಳಿ ಇದೆಯಾ, ಜಾಕ್ ಇದೆಯಾ ಅಂತ ನೀವೇ ಡಿಕ್ಕಿ ತೆಗೆದು ನೋಡಿ, ಬಾಯಿಮಾತು ನಂಬಬೇಡಿ. ರಸ್ತೆ ಬಿಟ್ಟು ಓಡಿಸಿ ಕಾರಿಗೆ ಏಟು ಬಿದ್ದರೆ ಖರ್ಚು ಯಾರದ್ದು ಅನ್ನೋದನ್ನು ಕರಾರಿನಲ್ಲಿ ಓದಿಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿ ಒಳ್ಳೆ ಸಮಯ. ಒಂದು ಮಾತು ಮಾತ್ರ ದಯವಿಟ್ಟು ಕೇಳಿ: ಕತ್ತಲಾದ ಮೇಲೆ ಓಡಿಸಬೇಡಿ, ದನ, ಒಂಟೆಗಳು ರಸ್ತೆಗೇ ಬಂದು ನಿಂತಿರುತ್ತವೆ, ಹತ್ತಿರ ಬರುವ ತನಕ ಕಾಣಲ್ಲ.