ಅಮ್ಮ ಒಳಗೆ ಹೋದ ಮೇಲೆ ಬಂದ ಮಾತು

ಪ್ರಶ್ನೆ: ಅಕ್ಕ, ನಾನು ಎಂ.ಎಸ್.ಡಬ್ಲ್ಯೂ. (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಕೊನೆಯ ವರ್ಷದಲ್ಲಿದ್ದೇನೆ. ಅಂಗವಿಕಲರ ಆರೋಗ್ಯದಲ್ಲಿನ ಅಸಮಾನತೆ ಮತ್ತು ಮಾನಸಿಕ ಆರೋಗ್ಯ ನನ್ನ ಪ್ರಾಜೆಕ್ಟ್ ವಿಷಯ. ಹೊಸನಗರ ತಾಲ್ಲೂಕಿನಲ್ಲಿ 30 ಮನೆಗೆ ಹೋಗಿ ಖಿನ್ನತೆಯ ಪ್ರಶ್ನಾವಳಿ ಪಿ.ಎಚ್.ಕ್ಯೂ.-9 ಕೇಳಿದೆ. ಹೆಚ್ಚಿನವರು 'ಅಂಥದ್ದೇನಿಲ್ಲ, ಆರಾಮಾಗಿದೀನಿ' ಅಂತಾರೆ. ಅಂಕ ಎರಡು ಮೂರು ದಾಟುವುದಿಲ್ಲ. ಇಲ್ಲಿ ಸಮಸ್ಯೆಯೇ ಇಲ್ವಾ, ನಾನು ಕೇಳುವುದು ತಪ್ಪಾ?
– ವಿದ್ಯಾರ್ಥಿನಿ, ಶಿವಮೊಗ್ಗ

ಉತ್ತರ: ನಿನ್ನ ವಯಸ್ಸಿನ ಮಗಳಿದ್ದಾಳೆ ನನಗೆ, 'ನೀನು' ಅಂತಲೇ ಬರೆಯುತ್ತೇನೆ. ಮೊದಲು ಇದನ್ನು ಹೇಳು. ಆ 30 ಮನೆಯಲ್ಲಿ ನೀನು ಕೇಳುವಾಗ ಪಕ್ಕದಲ್ಲಿ ಯಾರಿದ್ದರು?

ನಮ್ಮ ಮಲೆನಾಡಿನಲ್ಲಿ 'ಆರಾಮಾ?' ಅಂದರೆ 'ಆರಾಮು' ಅನ್ನುವುದು ರೂಢಿ. ಜಗಲಿಗೆ ಬಂದವರ ಮುಂದೆ ಯಾರೂ ಕಷ್ಟ ಹೇಳಿಕೊಳ್ಳುವುದಿಲ್ಲ. ಅದರಲ್ಲೂ ಅಮ್ಮನೋ ಹೆಂಡತಿಯೋ ಪಕ್ಕದಲ್ಲಿದ್ದರೆ ಮುಗೀತು. 'ಬದುಕು ಸಾಕಾಗಿದೆ' ಅಂದರೆ ಬೆಳಿಗ್ಗೆಯಿಂದ ರಾತ್ರಿ ತನಕ ತನ್ನನ್ನು ನೋಡಿಕೊಳ್ಳುವವರಿಗೆ ನೋವಾಗುತ್ತದೆ, ಅಲ್ವಾ?

ಹತ್ತೊಂಬತ್ತು ವರ್ಷ ಕ್ಯಾಲಿಪರ್ (ಕಾಲಿಗೆ ಆಧಾರ ಕೊಡುವ ಸಾಧನ) ಹಾಕಿದ ಕಾಲಿನಲ್ಲೇ ಈ ಕಡೆಯ ಹಳ್ಳಿಗಳಲ್ಲಿ ಮನೆ ಮನೆ ತಿರುಗಿದ್ದೇನೆ. ನಗರ ಹೋಬಳಿಯ ಒಂದು ಮನೆ ಇವತ್ತಿಗೂ ಕಣ್ಣ ಮುಂದಿದೆ. ಅಡಿಕೆ ಕೊನೆ ತೆಗೆಯುವಾಗ ಮರದಿಂದ ಬಿದ್ದು, ಸೊಂಟದ ಕೆಳಗೆ ಸ್ವಾಧೀನ ಇಲ್ಲದ ಹುಡುಗ. ಜಗಲಿಯಲ್ಲಿ ಮಂಚ. ಪಕ್ಕದಲ್ಲೇ ಅವನಮ್ಮ ಮೆಟ್ಟುಗತ್ತಿ ಇಟ್ಟುಕೊಂಡು ಅಡಿಕೆ ಸುಲಿಯುತ್ತಿದ್ದರು. ನಾನು ಕೇಳಿದ್ದಕ್ಕೆಲ್ಲ 'ಏನಿಲ್ಲಕ್ಕ' ಒಂದೇ ಉತ್ತರ. ಅಮ್ಮ ಕಾಫಿ ಮಾಡಲು ಎದ್ದರು. ನಾನು ಮನಸ್ಸಿನ ವಿಷಯ ಬಿಟ್ಟು, 'ಹೋದ ಸಲ ಶಿವಮೊಗ್ಗಕ್ಕೆ ತೋರಿಸೋಕೆ ಹೋಗಿದ್ಯಲ್ಲ, ಆ ದಿನ ಹೇಗಿತ್ತು?' ಅಂದೆ. ಆಗ ಮಾತು ಬಂತು.

ಹಿಂದಿನ ದಿನ ಮಧ್ಯಾಹ್ನದಿಂದಲೇ ನೀರು ಕುಡಿಯುವುದು ಬಿಡುತ್ತಾನಂತೆ. ಜೀಪಿನಲ್ಲಿ ಮೂತ್ರದ ಚೀಲ ತುಂಬಿದರೆ ಡ್ರೈವರ್ ಎದುರು ಖಾಲಿ ಮಾಡಬೇಕು, ನಾಚಿಕೆ. ಮನೆಯಿಂದ ರಸ್ತೆಗೆ ಬರಲು ಒಂದು ಸಂಕ, ಅಂದರೆ ಹಳ್ಳದ ಮೇಲಿನ ಕಾಲುಸೇತುವೆ, ದಾಟಬೇಕು. ಹೊತ್ತು ದಾಟಿಸಲು ನಾಲ್ಕು ಜನ ಬೇಕು. ಕೊಯ್ಲಿನ ಕಾಲದಲ್ಲಿ ನಾಲ್ಕು ಜನ ಎಲ್ಲಿ ಸಿಗ್ತಾರೆ? 'ಪ್ರತಿ ಸಲ ಅವರನ್ನೇ ಕರೆಯೋಕೆ ಮನಸ್ಸು ಬರಲ್ಲಕ್ಕ. ಜ್ವರ ಬಂದ್ರೂ ಹೇಳಲ್ಲ' ಅಂದ. ಒಳಗೆ ಲೋಟದ ಸದ್ದಾಯಿತು. ಮಾತು ನಿಲ್ಲಿಸಿಬಿಟ್ಟ.

ನೀರು ಕಡಿಮೆಯಾದರೆ ಮೂತ್ರದ ಸೋಂಕು. ಸೋಂಕಿಗೆ ಜ್ವರ. ಜ್ವರಕ್ಕೆ ಮತ್ತೆ ಜೀಪು, ಮತ್ತೆ ನಾಲ್ಕು ಜನ. ನೀನು ಹುಡುಕುತ್ತಿರುವ ಅಸಮಾನತೆ ಇದೇ ತಂಗಿ. ಬೆನ್ನುಹುರಿಯ ಪೆಟ್ಟು ವಾಸಿಯಾಗದೇ ಇರಬಹುದು. ಆದರೆ ಆ ಜ್ವರವನ್ನು ತಪ್ಪಿಸಬಹುದಿತ್ತು. ಹಾಗಾಗಿ ಆಸ್ಪತ್ರೆಗೆ ಹೋದ ಒಂದು ದಿನದ ಕಥೆಯನ್ನು ಬೆಳಿಗ್ಗೆಯಿಂದ ಸಂಜೆವರೆಗೆ ಹೇಳಿಸು. ಎಷ್ಟು ಖರ್ಚಾಯಿತು, ಯಾರ ಕೂಲಿ ತಪ್ಪಿತು, ಡಾಕ್ಟರ್ ಯಾರ ಮುಖ ನೋಡಿ ಮಾತಾಡಿದರು, ಎಲ್ಲ ಕೇಳು. ಮನಸ್ಸಿನ ಮಾತು ಆ ಕಥೆಯ ಒಳಗೇ ಬರುತ್ತದೆ.

ಪ್ರಶ್ನಾವಳಿ ಬಿಡಬೇಡ. ಆದರೆ ಅದು ಕಳೆದ ಎರಡು ವಾರದ ನಿದ್ದೆ, ಸುಸ್ತು, ಊಟ, ನಿಧಾನವಾದ ಚಲನೆ ಇದನ್ನೂ ಕೇಳುತ್ತದೆ. ರಾತ್ರಿ ಮಗ್ಗುಲು ಬದಲಿಸಲು ಇನ್ನೊಬ್ಬರನ್ನು ಎಬ್ಬಿಸಬೇಕಾದವರಿಗೆ ನಿದ್ದೆ ಕೆಡುವುದು ಬೇರೆ ಕಾರಣಕ್ಕೂ ಇರಬಹುದು. ಅಂಕದ ಪಕ್ಕದಲ್ಲಿ ಅವರು ಹೇಳಿದ ಕಾರಣವನ್ನು ಅವರದೇ ಮಾತಲ್ಲಿ ಬರೆದುಕೋ.

ಇಂಥದ್ದೇ ನನಗೂ ಆಗಿದೆ. ಮಗಳು ಹುಟ್ಟಿದ ಮೇಲೆ ವಿಪರೀತ ಸುಸ್ತು, ಸುಮ್ ಸುಮ್ನೆ ಅಳು. ತೋರಿಸಿದ ಕಡೆ 'ಕಾಲು ಹೀಗಿದೆಯಲ್ಲ, ಬೇಜಾರು ಇದ್ದೇ ಇರುತ್ತೆ' ಅಂದು ಟಾನಿಕ್ ಬರೆದುಕೊಟ್ಟರು. ವರ್ಷದ ಮೇಲೆ ಬೇರೊಬ್ಬರು ರಕ್ತ ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಅಂತ ಗೊತ್ತಾಯಿತು. ಮೊದಲು ನೋಡಿದವರಿಗೆ ನನ್ನ ಪೋಲಿಯೊ ಕಾಲು ಮಾತ್ರ ಕಂಡಿತ್ತು. ನೆನೆದರೆ ಈಗಲೂ ಸಿಟ್ಟು ಬರುತ್ತದೆ.

30 ಜನರ ಪಟ್ಟಿ ಎಲ್ಲಿಂದ ಸಿಕ್ಕಿತು ಅಂತಲೂ ನೋಡು. ಪಂಚಾಯಿತಿಯ ವಿ.ಆರ್.ಡಬ್ಲ್ಯೂ. (ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಕೊಟ್ಟಿದ್ದರೆ ಅಂಗವಿಕಲರ ಗುರುತಿನ ಕಾರ್ಡ್ ಇರುವವರೇ ಜಾಸ್ತಿ ಇರುತ್ತಾರೆ. ಕಾರ್ಡ್ ಮಾಡಿಸಲೂ ಆ ಸಂಕ ದಾಟಲೇಬೇಕಲ್ಲ. 2011ರ ಜನಗಣತಿಯಲ್ಲಿ ದೇಶದ ಅಂಗವಿಕಲರು ಶೇ. 2.21 ಮಾತ್ರ. ವಿಶ್ವ ಆರೋಗ್ಯ ಸಂಸ್ಥೆಯ 2022ರ ವರದಿ ಪ್ರಕಾರ ಜಗತ್ತಿನಲ್ಲಿ ಆರು ಜನರಲ್ಲಿ ಒಬ್ಬರು. ಅಂತರ ಇಷ್ಟು ದೊಡ್ಡದಾಗಲು ಕೇಳುವ ರೀತಿಯೂ ಒಂದು ಕಾರಣ. ಅಂಗವಿಕಲತೆಯನ್ನು ಹೇಗೆ ಲೆಕ್ಕ ಹಿಡಿಯಬೇಕು ಅಂತ ಕೆಲಸ ಮಾಡುವ 'ವಾಷಿಂಗ್ಟನ್ ಗ್ರೂಪ್' ಅನ್ನುವ ಅಂತರರಾಷ್ಟ್ರೀಯ ಗುಂಪಿನ ಆರು ಪ್ರಶ್ನೆಗಳಿವೆ. ನೋಡಲು, ಕೇಳಲು, ನಡೆಯಲು, ನೆನಪಿಡಲು, ಸ್ನಾನ-ಬಟ್ಟೆ ಮಾಡಿಕೊಳ್ಳಲು, ಮಾತು ಅರ್ಥ ಮಾಡಿಸಲು ಎಷ್ಟು ಕಷ್ಟ ಅಂತ ಕೇಳುತ್ತವೆ. ಒಂದು ಕೇರಿಯ ಎಲ್ಲ ಮನೆಯಲ್ಲೂ ಅವನ್ನು ಕೇಳು. ಪಟ್ಟಿಯಲ್ಲಿ ಇಲ್ಲದವರು ಸಿಗುತ್ತಾರೆ.

ಪಿ.ಎಚ್.ಕ್ಯೂ.-9ರ ಒಂಬತ್ತನೇ ಪ್ರಶ್ನೆ ಸಾಯುವ ಯೋಚನೆಯದ್ದು. ಯಾರಾದರೂ 'ಹೌದು' ಅಂದರೆ ಏನು ಮಾಡುತ್ತೀಯ ಅನ್ನುವುದನ್ನು ಮನೆಯಿಂದ ಹೊರಡುವ ಮೊದಲೇ ಗೈಡ್ ಹತ್ತಿರ ಕೂತು ಬರೆದಿಟ್ಟುಕೋ. ಟೆಲಿ ಮಾನಸ್ ಸಹಾಯವಾಣಿ 14416. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅಲ್ಲೇ ಕೂತು ಫೋನ್ ಹಚ್ಚಿಕೊಡು. ಸಿಗ್ನಲ್ ಸಿಗದ ಮನೆಗಳಿವೆ, ಅಲ್ಲಿಗೆ ಏನು ಮಾಡಬೇಕು ಅಂತಲೂ ಮೊದಲೇ ಯೋಚಿಸು. ಫಾರಂ ತುಂಬಿಸಿಕೊಂಡು ಎದ್ದು ಬರಬೇಡ.

ಪ್ರಶ್ನೆ: ನನ್ನ ತಮ್ಮನಿಗೆ ನಡೆಯಲು ಆಗಲ್ಲ. ಸಂಶೋಧನೆ ಅಂತ ಮೂರು ಸಲ ಯಾರ್ಯಾರೋ ಬಂದು ಕೇಳಿಕೊಂಡು ಹೋದರು. ಮತ್ತೆ ಮುಖ ತೋರಿಸಲಿಲ್ಲ. ಉತ್ತರ ಕೊಡದಿದ್ದರೆ ಪಿಂಚಣಿ ನಿಲ್ಲುತ್ತಾ?
– ಓದುಗರು, ಸಾಗರ ತಾಲ್ಲೂಕು

ಉತ್ತರ: ಖಂಡಿತ ಇಲ್ಲ. ಪಿಂಚಣಿಗೂ ಅದಕ್ಕೂ ಸಂಬಂಧವೇ ಇಲ್ಲ. ಬೇಡ ಅನ್ನಬಹುದು, ಅರ್ಧದಲ್ಲಿ ಸಾಕು ಅಂತಲೂ ಅನ್ನಬಹುದು. ಐ.ಸಿ.ಎಂ.ಆರ್.ನ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಮಾರ್ಗಸೂಚಿಯಲ್ಲೇ ಇದೆ. ತಮ್ಮನ ಪರವಾಗಿ ನೀವು ಒಪ್ಪುವುದೂ ಬೇಡ. ಅವನನ್ನೇ ಕೇಳಲಿ.

ನಿಮ್ಮ ಬೇಸರ ನನಗೆ ಅರ್ಥವಾಗುತ್ತದೆ. ನಿಮ್ಮದೇ ತಾಲ್ಲೂಕಿನ ಹಂದಿಗೋಡಿನಲ್ಲಿ ಕೀಲು ಸವೆಯುವ ಕಾಯಿಲೆ ಬೆಳಕಿಗೆ ಬಂದದ್ದು 1970ರ ದಶಕದಲ್ಲಿ. ಎಷ್ಟೋ ತಂಡಗಳು ಬಂದು ಪರೀಕ್ಷೆ ಮಾಡಿದವು. ಅದು ವಂಶದಲ್ಲಿ ಬರುವಂಥದ್ದು ಅಂತ ತಿಳಿಯಿತು. ವಾಸಿ ಮಾಡುವ ಔಷಧಿ ಇನ್ನೂ ಇಲ್ಲ. ಊರೂರಿಗೆ ಫಾರಂ ಹಿಡಿದು ಹೋಗುವವರೆಲ್ಲ ಆ ಮನೆಗಳ ದಣಿವನ್ನು ನೆನಪಿಡಬೇಕು. ಮೇಲಿನ ವಿದ್ಯಾರ್ಥಿನಿಯೂ ಇದನ್ನು ಓದಲಿ.

ಮುಂದಿನ ಸಲ ಯಾರಾದರೂ ಬಂದರೆ ಹೆಸರು, ಕಾಲೇಜು, ಫೋನ್ ನಂಬರ್ ಒಂದು ಹಾಳೆಯಲ್ಲಿ ಬರೆಸಿಟ್ಟುಕೊಳ್ಳಿ. ಕೆಲಸ ಮುಗಿದ ಮೇಲೆ ಕನ್ನಡದಲ್ಲಿ ಎರಡು ಪುಟ ಬರೆದು ತಂದು, ತಮ್ಮನ ಎದುರು ಕೂತು ಓದಿ ಹೇಳಬೇಕು ಅಂತ ಅದೇ ಹಾಳೆಯಲ್ಲಿ ಸಹಿ ಹಾಕಿಸಿ.