ಹಳೇ ಪದ್ಮಿನಿ ಕಾರಿಗೆ ಸಾಲ ಮಾಡಬಹುದಾ?

ಓಡಾಟಕ್ಕೆ ಮನೆಯಲ್ಲಿ ಕಾರಿದೆ, ಭಾನುವಾರದ ಖುಷಿಗೆ ಒಂದು ಹಳೇ ಪ್ರೀಮಿಯರ್ ಪದ್ಮಿನಿ ಬೇಕು, 3 ಲಕ್ಷ ಸಾಲ ತಗೊಳ್ಳಲಾ ಅಂತ ಕೇಳಿದ್ದೀರಿ. ಪೂರ್ತಿ ಸಾಲದಲ್ಲಿ ಬೇಡ.

ಇಷ್ಟು ಹಳೇ ಗಾಡಿಗೆ ಬ್ಯಾಂಕುಗಳು ಸಾಮಾನ್ಯವಾಗಿ ಕಾರ್ ಲೋನ್ ಕೊಡುವುದಿಲ್ಲ. ಉಳಿಯುವುದು ಪರ್ಸನಲ್ ಲೋನ್, ಅದಕ್ಕೆ ಬಡ್ಡಿ ಜಾಸ್ತಿ. ಶೇ. 14ರಂತೆ 3 ವರ್ಷಕ್ಕೆ ತಗೊಂಡರೆ ತಿಂಗಳ ಕಂತು ಸುಮಾರು 10,250 ರೂಪಾಯಿ. ಬಡ್ಡಿಯೇ 69,000 ಆಗುತ್ತದೆ.

ನಿಜವಾದ ಖರ್ಚು ಶುರುವಾಗುವುದು ಗಾಡಿ ಮನೆಗೆ ಬಂದ ಮೇಲೆ. ಪದ್ಮಿನಿ ತಯಾರಿಕೆ ನಿಂತು 20 ವರ್ಷ ದಾಟಿದೆ. ಬೀಡಿಂಗ್ (ಅಂಚಿನ ಪಟ್ಟಿ), ಲೈಟಿನ ಗಾಜಿನಂಥ ಚಿಕ್ಕ ಸಾಮಾನಿಗೂ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ ಅಂಗಡಿಗಳನ್ನು ಸುತ್ತಬೇಕಾಗಬಹುದು. ಗಾಡಿ ನೋಡಲು ಹೋದಾಗ ಮ್ಯಾಟ್ ಎತ್ತಿ ಕೆಳಗಿನ ತಗಡು ಒತ್ತಿ ನೋಡಿ, ಬಾಗಿಲ ಕೆಳಅಂಚಿಗೂ ಕೈ ಆಡಿಸಿ. ತುಕ್ಕು ತಿಂದಿದ್ದರೆ ಟಿಂಕರಿಂಗ್, ಪೇಂಟಿಂಗ್ ಬಿಲ್ಲೇ ಕಾರಿನ ಬೆಲೆ ಮೀರಬಹುದು. 15 ವರ್ಷದ ನಂತರ 5 ವರ್ಷಕ್ಕೊಮ್ಮೆ ಆರ್‌ಸಿ ನವೀಕರಿಸಬೇಕು. ಅದು ಚಾಲ್ತಿಯಲ್ಲಿಲ್ಲದ ಗಾಡಿ ಎಷ್ಟೇ ಚೆಂದ ಇದ್ದರೂ ಬಿಟ್ಟುಬಿಡಿ.

ಆ 10,250 ರೂಪಾಯಿಯನ್ನು ಈಗಿನಿಂದಲೇ ತಿಂಗಳು ತಿಂಗಳು ಆರ್‌ಡಿಗೆ ಹಾಕಿ. ಒಂದು ವರ್ಷ ಎಳೆದಾಟವಿಲ್ಲದೆ ಕಟ್ಟಿದರೆ 1.23 ಲಕ್ಷ ಕೈಯಲ್ಲಿರುತ್ತದೆ, ಕಂತು ಕಟ್ಟಲು ಆಗುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಆಗ ಬಾಕಿ ಹಣಕ್ಕೆ ಸಾಲ ಮಾಡಿದರೆ ತಪ್ಪೇನಿಲ್ಲ.